ಫೋನ್‌ನ ಎಫ್ 1.8, ಕ್ಯಾಮೆರಾದ ಎಫ್ 1.8: ಎರಡೂ ಒಂದೇನಾ?

  ಇವತ್ತಿನ ಮಾತು ಸ್ವಲ್ಪ ಲೆಕ್ಕದ್ದು. ಹೆದರಬೇಡಿ, ಗುಣಾಕಾರ ಬಂದ್ರೆ ಸಾಕು, ಅದೂ ಫೋನ್‌ನ ಕ್ಯಾಲ್ಕುಲೇಟರ್ ಮಾಡುತ್ತೆ.

ದಾವಣಗೆರೆಯ ಕೇಳುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅವರ ಹತ್ರ ಹಳೇ ನಿಕಾನ್ ಡಿಎಸ್‌ಎಲ್‌ಆರ್ ಇದೆ, ಜೊತೆಗೆ ಬಂದಿದ್ದ 18-55 ಕಿಟ್ ಲೆನ್ಸ್ ಇದೆ. ಲೆನ್ಸ್ ಮೇಲೆ ಎಫ್ 3.5-5.6 ಅಂತ ಬರೆದಿದೆ. ಕೈಯಲ್ಲಿರೋದು ಐಫೋನ್ 14 ಪ್ರೊ, ಅದರದ್ದು ಎಫ್ 1.78. ಎಫ್ ನಂಬರ್ ಸಣ್ಣದಾದಷ್ಟೂ ಬೆಳಕು ಜಾಸ್ತಿ ಅಂತ ಎಲ್ಲೋ ಕೇಳಿದ್ದಾರೆ. ಹಾಗಾದ್ರೆ ಫೋನೇ ಮುಂದೆ ಅಲ್ವಾ, ಈ ಕ್ಯಾಮೆರಾ ಯಾಕೆ ಇಟ್ಕೋಬೇಕು ಅನ್ನೋದು ಅವರ ಪ್ರಶ್ನೆ. ಫೆಬ್ರವರಿಯಲ್ಲಿ ಅಕ್ಕನ ಮದುವೆ. ಕ್ಯಾಮೆರಾ ಮಾರಿ, ಬಂದ ದುಡ್ಡನ್ನ ಡೌನ್ ಪೇಮೆಂಟ್ ಮಾಡಿ, ಇಎಂಐ ಮೇಲೆ ಒಂದು ಫುಲ್ ಫ್ರೇಮ್ ಕ್ಯಾಮೆರಾ ತಗೊಳ್ಳೋ ಯೋಚನೆಯಲ್ಲಿದ್ದಾರೆ. ಅಂದ್ರೆ ಇದು ಬರೀ ಕುತೂಹಲದ ಪ್ರಶ್ನೆ ಅಲ್ಲ, ಎರಡು ವರ್ಷದ ಕಂತಿನ ಪ್ರಶ್ನೆ. ಹಾಗಾಗಿ ಸರಿಯಾಗಿ ನೋಡೋಣ.

ಮೊದಲು ನಿಮ್ಮ ಫೋನ್ ಗ್ಯಾಲರಿ ತೆಗೆಯಿರಿ. ಮೇನ್ ಕ್ಯಾಮೆರಾದಲ್ಲಿ ತೆಗೆದ ಯಾವುದಾದ್ರೂ ಒಂದು ಫೋಟೋ ಆರಿಸಿ, ಮೇಲಕ್ಕೆ ಸ್ವೈಪ್ ಮಾಡಿ, ಅಥವಾ ಡೀಟೇಲ್ಸ್ ಒತ್ತಿ. ಐಫೋನ್ 14 ಪ್ರೊ ಆದ್ರೆ ಅಲ್ಲಿ 24 ಎಂಎಂ, ಎಫ್ 1.78 ಅಂತ ತೋರಿಸುತ್ತೆ. ಈ ಎರಡು ಸಂಖ್ಯೆಗಳಲ್ಲಿ ಒಂದು ನಿಜವಾದದ್ದು, ಇನ್ನೊಂದು ಪರಿವರ್ತನೆ ಮಾಡಿದ್ದು. ಇವತ್ತಿನ ಇಡೀ ಗೊಂದಲ ಹುಟ್ಟೋದು ಇಲ್ಲೇ.

ಆ ಫೋನ್‌ನ ಲೆನ್ಸ್ ನಿಜವಾಗಿ 24 ಎಂಎಂ ಅಲ್ಲ. 24 ಎಂಎಂ ಅಂದ್ರೆ ಸುಮಾರು ಎರಡೂವರೆ ಸೆಂಟಿಮೀಟರ್. ಎಂಟು ಎಂಎಂ ದಪ್ಪದ ಫೋನ್ ಒಳಗೆ ಅದನ್ನ ನೇರವಾಗಿ ನಿಲ್ಲಿಸೋಕೆ ಜಾಗ ಎಲ್ಲಿದೆ? ಅದರ ನಿಜವಾದ ಫೋಕಲ್ ಲೆಂಗ್ತ್ 6.86 ಎಂಎಂ. ಫೋಟೋದ ಎಕ್ಸಿಫ್ ಮಾಹಿತಿಯನ್ನ ಪೂರ್ತಿ ತೋರಿಸೋ ಆ್ಯಪ್‌ನಲ್ಲಿ ತೆರೆದು ನೋಡಿದ್ರೆ ಅದೂ ಸಿಗುತ್ತೆ. 24 ಅನ್ನೋದು, ‘ಒಂದು ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಇಷ್ಟೇ ಅಗಲದ ನೋಟ ಬೇಕಂದ್ರೆ ಎಷ್ಟು ಎಂಎಂ ಲೆನ್ಸ್ ಹಾಕಬೇಕಿತ್ತು’ ಅನ್ನೋದರ ಉತ್ತರ.

ಈ ಫುಲ್ ಫ್ರೇಮ್ ಅನ್ನೋ ಅಳತೆಗೋಲು ಎಲ್ಲಿಂದ ಬಂತು? ಜರ್ಮನಿಯ ವೆಟ್ಸ್‌ಲಾರ್ ಅನ್ನೋ ಊರಲ್ಲಿ ಲೈಟ್ಸ್ ಕಂಪನಿ ಇತ್ತು. ಮೈಕ್ರೋಸ್ಕೋಪ್ ಮಾಡೋ ಕಂಪನಿ. ಅಲ್ಲಿ ಕೆಲಸ ಮಾಡ್ತಿದ್ದ ಆಸ್ಕರ್ ಬಾರ್ನಾಕ್, 1913-14ರ ಹೊತ್ತಿಗೆ ಸಿನಿಮಾ ಫಿಲ್ಮನ್ನ ಅಡ್ಡಡ್ಡ ಓಡಿಸೋ ಒಂದು ಪುಟ್ಟ ಕ್ಯಾಮೆರಾ ಮಾಡಿದ. ಸಿನಿಮಾದ ಒಂದು ಫ್ರೇಮ್ 18 ಎಂಎಂಗೆ 24 ಎಂಎಂ. ಎರಡು ಫ್ರೇಮ್ ಜೋಡಿಸಿದ್ರೆ 24ಕ್ಕೆ 36. ಅಷ್ಟೇ, ಆ ಅಳತೆಯ ಹಿಂದೆ ಬೇರೆ ದೊಡ್ಡ ಶಾಸ್ತ್ರ ಏನಿಲ್ಲ. 1925ರಲ್ಲಿ ಅದು ಲೈಕಾ ಅನ್ನೋ ಹೆಸರಲ್ಲಿ ಮಾರುಕಟ್ಟೆಗೆ ಬಂತು, ಮುಂದೆ ಜಗತ್ತಿನ ತುಂಬ ಅದೇ ಅಳತೆ ನಿಂತುಹೋಯ್ತು. 1999ರಲ್ಲಿ ನಿಕಾನ್ ಡಿ1 ಥರದ ಡಿಜಿಟಲ್ ಕ್ಯಾಮೆರಾಗಳು ಬಂದಾಗ ಸೆನ್ಸರ್ ಫಿಲ್ಮ್‌ಗಿಂತ ಚಿಕ್ಕದಿತ್ತು. ಆದ್ರೆ ಫೋಟೋಗ್ರಾಫರ್‌ಗಳ ಬ್ಯಾಗಲ್ಲಿದ್ದದ್ದು ಫಿಲ್ಮ್ ಕಾಲದ ಲೆನ್ಸ್‌ಗಳು. 28 ಎಂಎಂ ಹಾಕಿದ್ರೆ 42 ಎಂಎಂ ಹಾಕಿದಷ್ಟೇ ಕಾಣ್ತಿತ್ತು. ಹಾಗಾಗಿ ಈ ಲೆಕ್ಕ ಬೇಕಾಯ್ತು.

ಯಾಕೆ ಹಾಗೆ ಕಾಣುತ್ತೆ? ಮನೆಯಲ್ಲೇ ಮಾಡಿ ನೋಡಬಹುದು. ಒಂದು ಪ್ರಿಂಟ್ ಹಾಕಿದ ಫೋಟೋ ತಗೊಳ್ಳಿ. ಸುತ್ತಲಿನ ಅಂಚನ್ನ ನಾಲ್ಕು ಕಡೆಯಿಂದ ಕಾಗದದ ಪಟ್ಟಿಯಿಂದ ಮುಚ್ಚಿ, ನಡುವಿನ ಭಾಗ ಮಾತ್ರ ಬಿಡಿ. ಲೆನ್ಸ್ ಬದಲಾಗಿಲ್ಲ, ನೀವು ನಿಂತ ಜಾಗ ಬದಲಾಗಿಲ್ಲ. ಆದ್ರೆ ಆ ನಡುವಿನ ತುಂಡನ್ನ ದೊಡ್ಡದು ಮಾಡಿ ನೋಡಿದ್ರೆ ಝೂಮ್ ಮಾಡಿದ ಹಾಗಿರುತ್ತೆ. ಚಿಕ್ಕ ಸೆನ್ಸರ್ ಮಾಡೋದು ಇದನ್ನೇ. ಎಷ್ಟು ಪಟ್ಟು ಚಿಕ್ಕದು ಅನ್ನೋದಕ್ಕೆ ಕ್ರಾಪ್ ಫ್ಯಾಕ್ಟರ್ ಅಂತ ಹೆಸರು. ಅದು ಕರ್ಣಗಳ ಲೆಕ್ಕ: ಫುಲ್ ಫ್ರೇಮಿನ ಕರ್ಣ 43.3 ಎಂಎಂ, ಅದನ್ನ ನಿಮ್ಮ ಸೆನ್ಸರ್‌ನ ಕರ್ಣದಿಂದ ಭಾಗಿಸಿದ್ರೆ ಬರೋ ಸಂಖ್ಯೆ. ನಿಕಾನ್, ಸೋನಿ, ಫ್ಯೂಜಿಯ ಎಪಿಎಸ್-ಸಿ ಸೆನ್ಸರ್‌ಗೆ ಅದು 1.5. ಕ್ಯಾನನ್ ಎಪಿಎಸ್-ಸಿಗೆ 1.6. ಪ್ಯಾನಸಾನಿಕ್, ಒಲಿಂಪಸ್‌ನವರ ಮೈಕ್ರೋ ಫೋರ್ ಥರ್ಡ್ಸ್‌ಗೆ 2. ನಾವು ಮಾತಾಡ್ತಿರೋ ಫೋನ್‌ನ ಮೇನ್ ಕ್ಯಾಮೆರಾಗೆ ಸುಮಾರು 3.5.

ಫುಲ್ ಫ್ರೇಮ್ ಅನ್ನೋ ಹೆಸರು ಕೇಳಿ ಅದೇ ಎಲ್ಲಕ್ಕಿಂತ ದೊಡ್ಡದು ಅಂದ್ಕೋಬೇಡಿ. ಹಿಂದೆ ಊರಿನ ಸ್ಟುಡಿಯೋಗಳಲ್ಲಿ ಯಾಶಿಕಾ ಅಂತ ಎರಡು ಕಣ್ಣಿನ ಕ್ಯಾಮೆರಾ ಇರ್ತಿತ್ತು, ಮೇಲಿಂದ ಬಗ್ಗಿ ನೋಡೋದು. ನಿಮ್ಮ ಅಜ್ಜ-ಅಜ್ಜಿ ಕೂತು ತೆಗೆಸಿಕೊಂಡ ಫೋಟೋ ಅದರಲ್ಲೇ ತೆಗೆದಿದ್ದಿರಬಹುದು. ಅದರ ಫಿಲ್ಮ್ ಸುಮಾರು 56 ಎಂಎಂ ಚೌಕ. ಯಾಶಿಕಾ-ಮ್ಯಾಟ್‌ನಲ್ಲಿದ್ದ ಲೆನ್ಸ್ 80 ಎಂಎಂ. ಅದರಲ್ಲಿ 80 ಎಂಎಂ ಅಂದ್ರೆ ಸಾಮಾನ್ಯ ನೋಟ, ಅತ್ತ ಅಗಲವೂ ಅಲ್ಲ, ಇತ್ತ ಝೂಮೂ ಅಲ್ಲ. ಅದೇ 80 ಎಂಎಂ ಫುಲ್ ಫ್ರೇಮ್‌ನಲ್ಲಿ ಮುಖದ ಫೋಟೋಗೆ ಹೇಳಿ ಮಾಡಿಸಿದ ಲೆನ್ಸ್. ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ 160 ಎಂಎಂಗೆ ಸಮ, ಅಂದ್ರೆ ಟೆಲಿಫೋಟೋ. ಲೆನ್ಸ್ ಒಂದೇ, ಹಿಂದೆ ಕೂತಿರೋ ಚೌಕಟ್ಟು ಬೇರೆ ಬೇರೆ.

ಇಲ್ಲಿವರೆಗೆ ಜಗಳ ಇಲ್ಲ. ಯೂಟ್ಯೂಬ್ ಕಾಮೆಂಟ್‌ಗಳಲ್ಲಿ ಕುಸ್ತಿ ಶುರುವಾಗೋದು ಎಫ್ ನಂಬರ್ ಬಂದಾಗ.

ಕಂಪನಿಗಳು ಏನು ಮಾಡ್ತವೆ ಅಂದ್ರೆ, 6.86 ಅನ್ನು 3.5ರಿಂದ ಗುಣಿಸಿ 24 ಅಂತ ಬರೀತವೆ. ಪಕ್ಕದಲ್ಲಿರೋ 1.78ನ್ನ ಮಾತ್ರ ಹಾಗೇ ಬಿಡ್ತವೆ. ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ಹವಾಯಿ ಚಪ್ಪಲಿ. ಬರೆದಿದ್ದು ಸುಳ್ಳು ಅಂತ ಯಾರೂ ಕೇಸ್ ಹಾಕೋ ಹಾಗಿಲ್ಲ, ಯಾಕಂದ್ರೆ ಬಿಡಿಬಿಡಿಯಾಗಿ ಎರಡೂ ನಿಜ. ಆದ್ರೆ ಓದಿದವರ ತಲೆಯಲ್ಲಿ ‘24 ಎಂಎಂ ಎಫ್ 1.8’ ಅನ್ನೋ ದೊಡ್ಡ, ದುಬಾರಿ ಫುಲ್ ಫ್ರೇಮ್ ಲೆನ್ಸಿನ ಚಿತ್ರ ಬರುತ್ತೆ. ನೋಟದ ಅಗಲಕ್ಕೆ ಗುಣಿಸಿದ್ರೆ ಹಿನ್ನೆಲೆಯ ಬ್ಲರ್‌ಗೂ, ಒಟ್ಟು ಬೆಳಕಿಗೂ ಗುಣಿಸಬೇಕು. 1.78 ಇಂಟು 3.5, ಸುಮಾರು 6.2. ಅಂದ್ರೆ ಆ ಫೋನ್ ಕೊಡೋ ಚಿತ್ರ, ಫುಲ್ ಫ್ರೇಮ್‌ನಲ್ಲಿ 24 ಎಂಎಂ ಎಫ್ 6.2 ಇಟ್ಟು ತೆಗೆದ ಹಾಗೆ.

‘ಎಫ್ 1.8 ಅಂದ್ರೆ ಎಫ್ 1.8, ಯಾವ ಕ್ಯಾಮೆರಾದಲ್ಲಾದ್ರೂ ಎಕ್ಸ್‌ಪೋಷರ್ ಅಷ್ಟೇ ಅಲ್ವಾ’ ಅಂತ ಯಾರಾದ್ರೂ ಕೇಳ್ತಾರೆ. ಕೇಳೋರು ಸರಿಯಾಗೇ ಕೇಳ್ತಿದ್ದಾರೆ. ಮಳೆ ಬರುವಾಗ ಅಂಗಳದಲ್ಲಿ ಒಂದು ಕಾಫಿ ಲೋಟ, ಒಂದು ಅಗಲವಾದ ಪರಾತ, ಎರಡನ್ನೂ ಇಡಿ. ಹತ್ತು ನಿಮಿಷ ಆದ್ಮೇಲೆ ಎರಡರಲ್ಲೂ ನೀರಿನ ಆಳ ಒಂದೇ ಇರುತ್ತೆ. ಎಕ್ಸ್‌ಪೋಷರ್ ಅನ್ನೋದು ಆ ಆಳ. ಆದ್ರೆ ಎರಡನ್ನೂ ಬಕೆಟ್‌ಗೆ ಸುರಿದ್ರೆ ಪರಾತದ ನೀರು ಎಷ್ಟೋ ಪಟ್ಟು ಜಾಸ್ತಿ. ಫೋಟೋದಲ್ಲಿ ಕಾಳುಕಾಳಾಗಿ ಕಾಣೋ ನಾಯ್ಸ್ ಇದೆಯಲ್ಲ, ಅದು ಹೆಚ್ಚಾಗಿ ನಿಂತಿರೋದು ಬಕೆಟ್‌ನ ಲೆಕ್ಕದ ಮೇಲೆ, ಆಳದ ಮೇಲಲ್ಲ. ಫುಲ್ ಫ್ರೇಮಿನ ವಿಸ್ತೀರ್ಣ ಮೈಕ್ರೋ ಫೋರ್ ಥರ್ಡ್ಸ್‌ನ ಹತ್ತಿರತ್ತಿರ ನಾಲ್ಕು ಪಟ್ಟು. ಅದಕ್ಕೇ ಅದರ ಐಎಸ್‌ಒ 3200, ಇದರ ಐಎಸ್‌ಒ 800ರ ಹಾಗೆ ಕಾಣೋದು. ಫೋಕಲ್ ಲೆಂಗ್ತ್‌ನ್ನೂ ಎಫ್ ನಂಬರನ್ನೂ ಕ್ರಾಪ್ ಫ್ಯಾಕ್ಟರ್‌ನಿಂದ ಒಂದು ಸಲ ಗುಣಿಸಿ, ಐಎಸ್‌ಒವನ್ನ ಎರಡು ಸಲ. ಶಟರ್ ಸ್ಪೀಡ್ ಹಾಗೇ ಇರಲಿ. ಪೂರ್ತಿ ಸೂತ್ರ ಇಷ್ಟೇ.

ಬ್ಲರ್ ವಿಷಯಕ್ಕೆ ಇನ್ನೊಂದು ದಾರಿಯಿಂದ ಬರೋಣ, ನನಗೆ ಇದೇ ಹೆಚ್ಚು ಇಷ್ಟ. ಎಫ್ ನಂಬರ್ ಅಂದ್ರೆ ಏನು? ನಿಜವಾದ ಫೋಕಲ್ ಲೆಂಗ್ತನ್ನ ಲೆನ್ಸ್‌ನ ತೂತಿನ ಅಗಲದಿಂದ ಭಾಗಿಸಿದ ಸಂಖ್ಯೆ. ತಿರುಗಿಸಿದ್ರೆ ತೂತಿನ ಅಗಲ ಸಿಗುತ್ತೆ. ಫೋನ್: 6.86ನ್ನ 1.78ರಿಂದ ಭಾಗಿಸಿ, 3.9 ಎಂಎಂ. ಒಂದು ಕೊತ್ತಂಬರಿ ಬೀಜದಷ್ಟು. ಒಂದು 50 ಎಂಎಂ ಎಫ್ 1.8 ಲೆನ್ಸ್: 50ನ್ನ 1.8ರಿಂದ ಭಾಗಿಸಿ, 27.8 ಎಂಎಂ. ನಮ್ಮ ಹತ್ತು ರೂಪಾಯಿ ನಾಣ್ಯ 27 ಎಂಎಂ, ಅದಕ್ಕಿಂತ ಕೂದಲೆಳೆಯಷ್ಟು ದೊಡ್ಡದು. ಎರಡಕ್ಕೂ ಹೆಸರು ಎಫ್ 1.8. ನಿಮ್ಮ ಅಕ್ಕನ ಮುಖದಿಂದ ಹೊರಟ ಬೆಳಕಲ್ಲಿ ಒಂದೇ ದೂರದಿಂದ ಯಾವುದರೊಳಗೆ ಜಾಸ್ತಿ ನುಗ್ಗುತ್ತೆ? ವಿಸ್ತೀರ್ಣದ ಲೆಕ್ಕದಲ್ಲಿ ಸುಮಾರು ಐವತ್ತು ಪಟ್ಟು ವ್ಯತ್ಯಾಸ. ಹಿನ್ನೆಲೆ ಎಷ್ಟು ಕರಗುತ್ತೆ ಅನ್ನೋದೂ ಈ ತೂತಿನದೇ ಆಟ. ಬೆಳಕು ತೂತಿನ ಎಡ ಅಂಚಿಂದಲೂ ಬರುತ್ತೆ, ಬಲ ಅಂಚಿಂದಲೂ ಬರುತ್ತೆ. ಆ ಎರಡು ಅಂಚುಗಳ ನಡುವೆ ದೂರ ಇದ್ದಷ್ಟೂ ಫೋಕಸ್ ತಪ್ಪಿದ ಬಿಂದು ಹರಡಿಕೊಳ್ಳುತ್ತೆ. ಕೊತ್ತಂಬರಿ ಬೀಜದ ಅಗಲದಲ್ಲಿ ಎಷ್ಟು ತಾನೇ ಹರಡೀತು? ಅದಕ್ಕೇ ಫೋನ್‌ನಲ್ಲಿ ಪೋರ್ಟ್ರೇಟ್ ಮೋಡ್ ಅಂತ ಬೇರೆಯೇ ಇದೆ. ಅಲ್ಲಿ ಎಫ್ 1.4ರಿಂದ 16ರವರೆಗೆ ಸ್ಲೈಡರ್ ಎಳೀತೀರಲ್ಲ, ಆಗ ಒಳಗೆ ಯಾವ ತೂತೂ ಹಿಗ್ಗಲ್ಲ, ಕುಗ್ಗಲ್ಲ. ಅದು ಸಾಫ್ಟ್‌ವೇರ್ ಲೆಕ್ಕ ಹಾಕಿ ಬಳಿಯೋ ಬ್ಲರ್. ಮುಡಿದ ಮಲ್ಲಿಗೆಯ ಅಂಚು, ಹಾರಾಡೋ ಕೂದಲು ಆಗಾಗ ಹಿನ್ನೆಲೆ ಜೊತೆ ಕರಗಿಹೋಗೋದು ಅದಕ್ಕೇ.

ಈಗ ದಾವಣಗೆರೆಯ ಲೆಕ್ಕ. ಅವರ ನಿಕಾನ್‌ನ ಕ್ರಾಪ್ ಫ್ಯಾಕ್ಟರ್ 1.5. ಕಿಟ್ ಲೆನ್ಸ್ 18ರಲ್ಲಿ ಎಫ್ 3.5. ಗುಣಿಸಿ: 27 ಎಂಎಂ, ಎಫ್ 5.3. ಫೋನ್: 24 ಎಂಎಂ, ಎಫ್ 6.2. ಅರೇ, ಇಬ್ಬರೂ ಅಕ್ಕಪಕ್ಕ! ಅರ್ಧ ಸ್ಟಾಪ್‌ನಷ್ಟೇ ಅಂತರ. ಅದರ ಮೇಲೆ ಫೋನ್ ಒಂದು ಕ್ಲಿಕ್‌ಗೆ ಹಲವಾರು ಫ್ರೇಮ್ ತೆಗೆದು ಒಂದರ ಮೇಲೊಂದು ಇಟ್ಟು ನಾಯ್ಸ್ ತೊಳೆದುಬಿಡುತ್ತೆ. ಹಾಗಾಗಿ ಮಂಟಪದ ಪೂರ್ತಿ ನೋಟ, ಊಟದ ಪಂಕ್ತಿ, ಗುಂಪು ಫೋಟೋ, ಇವಕ್ಕೆಲ್ಲ ಆ ಹಳೇ ಕ್ಯಾಮೆರಾ ಮತ್ತು ಕಿಟ್ ಲೆನ್ಸ್ ಫೋನನ್ನ ಸೋಲಿಸೋದು ಕಷ್ಟ. ಅವರ ಅನುಮಾನದಲ್ಲಿ ಅರ್ಧ ಸತ್ಯ ಇದೆ.

ಮುಖಕ್ಕೆ ಬನ್ನಿ. ಅದೇ ಕಿಟ್ ಲೆನ್ಸನ್ನ 55ಕ್ಕೆ ತಿರುಗಿಸಿದ್ರೆ ಎಫ್ 5.6. ಸಮಾನ ಲೆಕ್ಕದಲ್ಲಿ 82 ಎಂಎಂ, ಎಫ್ 8.4. ಕೇಳೋಕೆ ತೀರಾ ಸಪ್ಪೆ. ಫೋನ್‌ನ 3ಎಕ್ಸ್ ಕ್ಯಾಮೆರಾ ಏನನ್ನುತ್ತೆ? 77 ಎಂಎಂ, ಎಫ್ 2.8. ಅದರ ನಿಜವಾದ ಫೋಕಲ್ ಲೆಂಗ್ತ್ 9 ಎಂಎಂ, ಕ್ರಾಪ್ ಫ್ಯಾಕ್ಟರ್ ಎಂಟೂವರೆ. ಗುಣಿಸಿದ್ರೆ ಎಫ್ 24! ಕಿಟ್ ಲೆನ್ಸಿನ ತೂತಿನ ವಿಸ್ತೀರ್ಣ ಅದರ ಒಂಬತ್ತು ಪಟ್ಟು. ರಾತ್ರಿ ಆರತಕ್ಷತೆಯಲ್ಲಿ 3ಎಕ್ಸ್ ಒತ್ತಿದಾಗ ಮುಖ ಮೇಣದ ಗೊಂಬೆ ಥರ ಬರೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ. ಬೆಳಕು ಕಮ್ಮಿ ಇದ್ದಾಗ ಎಷ್ಟೋ ಫೋನ್‌ಗಳು ಆ ಲೆನ್ಸನ್ನ ಬಿಟ್ಟು, ಮೇನ್ ಕ್ಯಾಮೆರಾದ್ದೇ ನಡುವಿನ ತುಂಡನ್ನ ಕತ್ತರಿಸಿ ಕೊಡೋದೂ ಉಂಟು, ನಿಮಗೆ ಹೇಳದೇ.

2ಎಕ್ಸ್ ಕೂಡ ಅದೇ ಕಥೆ. ಆ ಫೋನ್‌ನ 48 ಎಂಎಂ ಅಂದ್ರೆ ಬೇರೆ ಲೆನ್ಸ್ ಅಲ್ಲ. 48 ಮೆಗಾಪಿಕ್ಸೆಲ್ ಸೆನ್ಸರ್‌ನ ನಡುವಿನ 12 ಮೆಗಾಪಿಕ್ಸೆಲ್. ಲೆನ್ಸ್ ಅದೇ ಆಗಿರೋದರಿಂದ ಎಫ್ 1.78 ಅಂತ್ಲೇ ಬರೆದಿರುತ್ತೆ. ಆದ್ರೆ ಸೆನ್ಸರ್ ಅರ್ಧ ಅಗಲಕ್ಕಿಳಿದಿದೆ, ಕ್ರಾಪ್ ಫ್ಯಾಕ್ಟರ್ 7 ಆಯ್ತು, ಸಮಾನ ಎಫ್ 12.5. ಹಗಲಲ್ಲಿ ಚೆನ್ನಾಗೇ ಬರುತ್ತೆ, ಸಂಜೆ ಆದ್ಮೇಲೆ ಎರಡು ಹೆಜ್ಜೆ ಮುಂದೆ ಹೋಗಿ 1ಎಕ್ಸ್‌ನಲ್ಲಿ ತೆಗೆಯೋದು ವಾಸಿ. ಮುಖದ ಕ್ಲೋಸಪ್‌ಗೆ ಮಾತ್ರ ಬೇಡ. ಹತ್ತಿರ ಹೋದ್ರೆ ಮೂಗು ದೊಡ್ಡದಾಗುತ್ತೆ. ಅದು ಲೆನ್ಸಿನ ದೋಷ ಅಲ್ಲ, ದೂರದ ಪರಿಣಾಮ. ಪರ್ಸ್‌ಪೆಕ್ಟಿವ್ ನಿರ್ಧಾರ ಆಗೋದು ನೀವು ನಿಂತ ಜಾಗದಿಂದ, ಸೆನ್ಸರ್‌ನಿಂದ ಅಲ್ಲ.

ಹಾಗಾದ್ರೆ ಇಎಂಐ? ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ಬೇಡ, ಈಗಲೇ ಬೇಡ. ಒಂದು 50 ಎಂಎಂ ಎಫ್ 1.8 ತಗೊಳ್ಳಿ. ಸೆಕೆಂಡ್ ಹ್ಯಾಂಡ್ ಆದ್ರೂ ಪರವಾಗಿಲ್ಲ. ಆ ಹಳೇ ಬಾಡಿ ಮೇಲೆ ಅದು 75 ಎಂಎಂ ಎಫ್ 2.7 ಆಗುತ್ತೆ. ಈಗ ಹೋಲಿಸಿ ನೋಡಿ: ಹೊಸ ಫುಲ್ ಫ್ರೇಮ್ ಜೊತೆ ಸಾಮಾನ್ಯವಾಗಿ ಸಿಗೋ 24-70 ಎಫ್ 4 ಝೂಮ್, 70ರಲ್ಲಿ ಎಫ್ 4. ಮುಖದ ಫೋಟೋದಲ್ಲಿ ಬೆಳಕಿಗೂ ಬ್ಲರ್‌ಗೂ ನಿಮ್ಮ ಹಳೇ ಕ್ಯಾಮೆರಾ ಮತ್ತು 50 ಒಂದು ಸ್ಟಾಪ್ ಮುಂದೆ! ಝೂಮ್‌ನ ಅನುಕೂಲ ಬೇರೆ, ಹೊಸ ಬಾಡಿಯ ಆಟೋಫೋಕಸ್ ಬೇರೆ, ಅದನ್ನ ಅಲ್ಲಗಳೆಯಲ್ಲ. ಆದ್ರೆ ‘ಫುಲ್ ಫ್ರೇಮ್ ತಗೊಂಡ್ರೆ ಬ್ಲರ್ ತಾನಾಗೇ ಬರುತ್ತೆ’ ಅನ್ನೋದು ಅರ್ಧ ಮಾತು. ದೊಡ್ಡ ಸೆನ್ಸರ್ ಹಿಂದೆ ದೊಡ್ಡ ತೂತಿನ ಲೆನ್ಸ್ ಬೇಕು, ಅದಕ್ಕೆ ಎರಡನೇ ಇಎಂಐ ಬೇಕು.

ಇನ್ನೂ ಒಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳಲ್ಲ. ಹಳೇ 18-55 ಇದೆಯಲ್ಲ, ಸದ್ಯಕ್ಕೆ ಅದನ್ನೇ ಹೊಸ ಫುಲ್ ಫ್ರೇಮ್ ಮೇಲೆ ಅಡಾಪ್ಟರ್ ಹಾಕಿ ಬಳಸ್ತೀನಿ ಅಂತ ಹೊರಟ್ರೆ, ಆ ಲೆನ್ಸ್ ಎಪಿಎಸ್-ಸಿ ಅಳತೆಯದು. ಅದರ ಬೆಳಕಿನ ವೃತ್ತ ದೊಡ್ಡ ಸೆನ್ಸರ್‌ನ ಮೂಲೆಗಳಿಗೆ ಮುಟ್ಟಲ್ಲ. ಕ್ಯಾಮೆರಾ ತಾನೇ ನಡುವಿನ ಭಾಗಕ್ಕೆ ಕತ್ತರಿಸಿಕೊಳ್ಳುತ್ತೆ. 24 ಮೆಗಾಪಿಕ್ಸೆಲ್ ಇದ್ದದ್ದು ಹತ್ತರ ಆಸುಪಾಸಿಗೆ ಬರುತ್ತೆ. ಲಕ್ಷ ಖರ್ಚು ಮಾಡಿ ಹಳೇ ಕ್ಯಾಮೆರಾಕ್ಕಿಂತ ಕಡಿಮೆ ಪಿಕ್ಸೆಲ್ ಪಡೆಯೋ ವಿಶೇಷ ಯೋಜನೆ ಅದು.

ಕಾಡಿನ ಫೋಟೋ ತೆಗೆಯೋ ಗೆಳೆಯರಿಗೂ ಎರಡು ಮಾತು. ರಂಗನತಿಟ್ಟು, ಕಬಿನಿ ಅಂತ ಹೋಗೋರಿಗೆ ಉದ್ದ ಲೆನ್ಸ್ ಬೇಕು. 2020ರಲ್ಲಿ ಕ್ಯಾನನ್ 600 ಎಂಎಂ ಎಫ್ 11 ಅಂತ ಒಂದು ಲೆನ್ಸ್ ಬಿಟ್ಟಾಗ ಎಫ್ 11 ನೋಡಿ ನಕ್ಕವರು ಬಹಳ ಜನ. ಅದೇ ಜನ ಪ್ಯಾನಸಾನಿಕ್‌ನ 100-300 ಎಫ್ 4-5.6 ಲೆನ್ಸ್ ನೋಡಿ ನಗಲಿಲ್ಲ. ಮೈಕ್ರೋ ಫೋರ್ ಥರ್ಡ್ಸ್‌ನ 300 ಎಫ್ 5.6ನ್ನ ಎರಡರಿಂದ ಗುಣಿಸಿ: 600, ಎಫ್ 11.2. ಎರಡೂ ಹೆಚ್ಚುಕಮ್ಮಿ ಒಂದೇ ಚಿತ್ರ ಕೊಡೋ ಲೆನ್ಸ್‌ಗಳು. ತೂಕ ನೋಡಿ: ಕ್ಯಾನನ್‌ದು 930 ಗ್ರಾಂ, ಪ್ಯಾನಸಾನಿಕ್‌ದು 520. ಜೀಪಲ್ಲಿ ಮೂರು ಗಂಟೆ ಹಿಡಿದು ಕೂರೋ ಕೈಗೆ ಆ ವ್ಯತ್ಯಾಸ ಗೊತ್ತಾಗುತ್ತೆ. ‘ಫುಲ್ ಫ್ರೇಮ್ ಅಲ್ಲ’ ಅಂತ ಯಾರಾದ್ರೂ ಮೂಗು ಮುರಿದ್ರೆ ಲೆಕ್ಕ ತೋರಿಸಿ, ಸುಮ್ಮನಾಗ್ತಾರೆ. ಆಗದಿದ್ರೂ ಹಕ್ಕಿ ಕಡೆ ನೋಡಿ.

ಇದರ ಜೊತೆ ಬರೋ ಇನ್ನೊಂದು ಮೋಜು, ‘ಒಂದು ಇಂಚಿನ ಸೆನ್ಸರ್’. ಜಾಹೀರಾತಲ್ಲಿ ಕೇಳಿರ್ತೀರಿ. ಶಾಓಮಿ 13 ಪ್ರೊ ಅಂಥದ್ದು. ಒಂದು ಇಂಚು ಅಂದ್ರೆ 25.4 ಎಂಎಂ. ಆ ಸೆನ್ಸರ್‌ನ ಕರ್ಣ ಅಳೆದ್ರೆ ಸುಮಾರು 16 ಎಂಎಂ. ಉಳಿದ ಒಂಬತ್ತು ಎಲ್ಲಿ ಹೋಯ್ತು? ಇದು ಹಳೇ ಟಿವಿ ಕ್ಯಾಮೆರಾ ಕಾಲದ ಪಳೆಯುಳಿಕೆ. ಆಗ ಸೆನ್ಸರ್ ಬದಲು ಗಾಜಿನ ಟ್ಯೂಬ್ ಇರ್ತಿತ್ತು. ಇಂಚು ಅನ್ನೋದು ಟ್ಯೂಬ್‌ನ ಹೊರಗಿನ ವ್ಯಾಸ, ಚಿತ್ರ ಮೂಡ್ತಿದ್ದದ್ದು ಅದರ ಮೂರನೇ ಎರಡು ಭಾಗದಲ್ಲಿ. ಟ್ಯೂಬ್ ಹೋಯ್ತು, ಹೆಸರು ಉಳೀತು. ಹಾಗಂತ ಆ ಸೆನ್ಸರ್ ಕಳಪೆ ಅಲ್ಲ, ಫೋನ್‌ಗಳಲ್ಲಿ ಅದು ದೊಡ್ಡದೇ. ಕ್ರಾಪ್ ಫ್ಯಾಕ್ಟರ್ 2.7. ಅದರ ಎಫ್ 1.9 ಗುಣಿಸಿದ್ರೆ ಸುಮಾರು 5.1. ನಮ್ಮ ಕಿಟ್ ಲೆನ್ಸಿನ ಅಗಲ ತುದಿಗೆ ಸರಿಸಮ.

ಈ ಲೆಕ್ಕ ಎಲ್ಲವನ್ನೂ ಹೇಳಲ್ಲ. ಲೆನ್ಸ್ ಎಷ್ಟು ಶಾರ್ಪ್, ಸೆನ್ಸರ್ ಎಷ್ಟು ಹೊಸದು, ಬಣ್ಣ ಹೇಗೆ, ಆಟೋಫೋಕಸ್ ಓಡೋ ಮಗುವನ್ನ ಹಿಡಿಯುತ್ತಾ, ಅದೆಲ್ಲ ಬೇರೆ. ಲೆಕ್ಕ ಹೇಳೋದು ಮೂರೇ: ನೋಟದ ಅಗಲ, ಹಿನ್ನೆಲೆಯ ಬ್ಲರ್, ಒಟ್ಟು ಬೆಳಕು.

ಕೊನೆಗೆ ದಾವಣಗೆರೆಯವರಿಗೆ, 50 ಹುಡುಕುವಾಗ ಒಂದು ಎಚ್ಚರ. ನಿಕಾನ್ 50 ಎಫ್ 1.8ರಲ್ಲಿ ‘ಡಿ’ ಅಂತ ಒಂದಿದೆ, ‘ಜಿ’ ಅಂತ ಒಂದಿದೆ. ಡಿ ಅಗ್ಗ. ಆದ್ರೆ ಡಿ3000, ಡಿ5000 ಸಾಲಿನ ಬಾಡಿಗಳ ಒಳಗೆ ಫೋಕಸ್ ಮೋಟಾರ್ ಇಲ್ಲ, ಡಿ ಲೆನ್ಸ್ ಹಾಕಿದ್ರೆ ತಾಳಿ ಕಟ್ಟೋ ಹೊತ್ತಲ್ಲಿ ಕೈಯಲ್ಲಿ ರಿಂಗ್ ತಿರುಗಿಸ್ತಾ ಕೂರಬೇಕಾಗುತ್ತೆ. ಜಿ ತಗೊಳ್ಳಿ. ಮನೆಯಲ್ಲಿ ಅರಿಶಿನ ಶಾಸ್ತ್ರ ನಡೆಯೋ ಕೋಣೆ ಚಿಕ್ಕದಾಗಿದ್ರೆ 75 ಎಂಎಂ ನೋಟಕ್ಕೆ ಹಿಂದೆ ಸರಿಯೋಕೆ ಜಾಗ ಸಿಗಲ್ಲ, ಬೆನ್ನು ಗೋಡೆಗೆ ತಾಗುತ್ತೆ. ಅಂಥ ಕಡೆಗೆ 35 ಎಂಎಂ ಎಫ್ 1.8 ಸರಿ, ಅದು 52ಕ್ಕೆ ಸಮ. ಛತ್ರದಲ್ಲಿ ಮಂಟಪದ ಕೆಳಗೆ ನಿಂತು ಮುಖ ತೆಗೆಯೋದಾದ್ರೆ 50. ಎರಡೂ ಬೇಡ, ಒಂದೇ ಅಂದ್ರೆ, ಈಗಿರೋ ಕಿಟ್ ಲೆನ್ಸನ್ನ 35ಕ್ಕೆ ಇಟ್ಟು ಒಂದು ದಿನ, 50ಕ್ಕೆ ಇಟ್ಟು ಒಂದು ದಿನ ಮನೆಯಲ್ಲೇ ಓಡಾಡಿ ಫೋಟೋ ತೆಗೆದು ನೋಡಿ, ಆಮೇಲೆ ದುಡ್ಡು ಕೊಡಿ. ಮಂಟಪದ ಪೂರ್ತಿ ನೋಟಕ್ಕೆ ಜೇಬಲ್ಲಿ ಫೋನ್ ಇದ್ದೇ ಇದೆ.